ಸೊಂಟ ಮತ್ತು ಸುಪ್ಪತ್ತಿಗೆ: ಹಾಸಿಗೆಯ ಆಯ್ಕೆಯ ಹಿಂದಿನ ಚರಿತ್ರೆ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು ಸತತ ಮೂರು ಸಭೆಗಳಿಗೆ ಬರಲಿಲ್ಲ. ಧಾರವಾಡದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿದೆ. ವಿಚಾರಿಸಿದಾಗ, ರಾತ್ರಿ ಮಗ್ಗುಲಾದರೆ ಸೊಂಟದ ಬದಿಯ ಎಲುಬು ಉರಿಯುತ್ತದೆ, ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತದೆ ಎಂದರು. ಅದಕ್ಕಾಗಿಯೇ ಮಗ ಹೊಸ ಹಾಸಿಗೆ ಕೊಡಿಸಿದ್ದ. ಅಂಗಡಿಯಲ್ಲಿ ಅವರು ಹಿಂದಿಯಲ್ಲಿ ‘ಕಮರ್ ದರ್ದ್’ ಎಂದಿದ್ದಾರೆ. ಮಾರಾಟಗಾರ ಕ್ಷಣವೂ ಯೋಚಿಸದೆ, ಇದ್ದುದರಲ್ಲೇ ಅತ್ಯಂತ ಗಟ್ಟಿಯಾದ, ‘ಆರ್ಥೋಪೆಡಿಕ್’ ಎಂಬ ಹೆಸರು ಹೊತ್ತ ಹಾಸಿಗೆಯನ್ನು ತೋರಿಸಿದ್ದಾನೆ. ತಿಂಗಳು ಕಳೆಯುವುದರೊಳಗೆ ನೋವು ಇಮ್ಮಡಿಸಿತು. “ಗಟ್ಟಿ ಹಾಸಗೀನ ಛಲೋ ಅಂತ ಎಲ್ಲಾರೂ ಅಂತಾರ್ರೀ. ನನ್ನ ಮೈಯಾಗ ಏನೋ ಐಬು ಇರಬೇಕು” ಎಂದು ಅವರು ಫೋನಿನಲ್ಲಿ ಹೇಳಿದ ಮಾತು ನಮ್ಮನ್ನು ಬಹಳ ದಿನ ಕಾಡಿತು.

ಗಟ್ಟಿ ಹಾಸಿಗೆಯೇ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಈ ‘ಎಲ್ಲರೂ’ ಯಾರು? ಅದನ್ನು ಅವರು ಎಲ್ಲಿಂದ ಕಲಿತರು? ದೇಹ ಮತ್ತು ಹಾಸಿಗೆಗಳ ನಡುವೆ ಹೊಂದಿಕೆಯಾಗದಿದ್ದಾಗ ತಪ್ಪು ದೇಹದ್ದೇ ಎಂದು ನಾವು ಏಕೆ ಒಪ್ಪಿಕೊಳ್ಳುತ್ತೇವೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದಾಗ ಹಾಸಿಗೆಯ ಚರಿತ್ರೆಯೇ ತೆರೆದುಕೊಂಡಿತು. ಅದರ ಕೆಲವು ಪುಟಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಒಂದು ಪದ, ಮೂರು ನೋವು

ಮೊದಲು ಮಾತಿನಿಂದಲೇ ಆರಂಭಿಸೋಣ. ಕನ್ನಡದ ‘ಸೊಂಟ’ ಬಹಳ ಅಗಲವಾದ ಪದ. ಬೆನ್ನಿನ ಕೆಳಭಾಗವೂ ಸೊಂಟ, ಉಡಿದಾರ ಕಟ್ಟುವ ಸುತ್ತಳತೆಯೂ ಸೊಂಟ, ಕೊಡವನ್ನೋ ಕೂಸನ್ನೋ ಇಟ್ಟುಕೊಳ್ಳುವ ಬದಿಯ ಎಲುಬೂ ಸೊಂಟ. ಉತ್ತರದ ‘ಟೊಂಕ’ವೂ ಹಾಗೆಯೇ. ಬದಿಯ ಎಲುಬಿಗೆ ‘ಚಪ್ಪೆ’ ಎಂಬ ಪ್ರತ್ಯೇಕ ಪದ ಇದ್ದರೂ ಊರು ಬಿಟ್ಟು ಬಂದ ನಮ್ಮಂಥವರ ಬಾಯಲ್ಲಿ ಅದು ಉಳಿದಿಲ್ಲ. ಮರಾಠಿಯಲ್ಲಿ ನಡುವಿಗೆ ‘ಕಂಬರ’, ಬದಿಯ ಕೀಲಿಗೆ ‘ಖುಬಾ’. ಹಿಂದಿಯಲ್ಲಿ ‘ಕಮರ್’ ಬೇರೆ, ‘ಕೂಲ್ಹಾ’ ಬೇರೆ. ಪರನಾಡಿನಲ್ಲಿರುವ ಕನ್ನಡಿಗರು ಸೊಂಟನೋವನ್ನು ‘ಕಮರ್ ದರ್ದ್’ ಎಂದು ಅನುವಾದಿಸಿದ ಕ್ಷಣವೇ ಬದಿಯ ನೋವು ಬೆನ್ನಿನ ನೋವಾಗಿಬಿಡುತ್ತದೆ. ಕೇಳಿದವನು ಬೆನ್ನಿಗೆ ಮದ್ದು ಕೊಡುತ್ತಾನೆ.

ವೈದ್ಯಶಾಸ್ತ್ರ ಇಲ್ಲಿ ಮೂರನ್ನು ಬೇರ್ಪಡಿಸುತ್ತದೆ. ಬೆನ್ನುಮೂಳೆಯ ಕೆಳತುದಿಯಲ್ಲಿ ಹುಟ್ಟಿ ಕೆಲವೊಮ್ಮೆ ಕಾಲಿನುದ್ದಕ್ಕೂ ಇಳಿಯುವ ನೋವು ಒಂದು. ತೊಡೆಯ ಕೀಲು ಸವೆದಾಗ ಬಹುಮಟ್ಟಿಗೆ ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುವ ನೋವು ಇನ್ನೊಂದು. ಮೂರನೆಯದು ಬದಿಯ ನೋವು. ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಕ್ಕೆ ಚಾಚಿದ ಗಂಟೊಂದಿದೆ, ಕೈಯಿಟ್ಟರೆ ತಗಲುತ್ತದೆ. ಪೃಷ್ಠದ ಸ್ನಾಯುಗಳ ತಂತುಗಳು ಅದಕ್ಕೆ ಬಂದು ಅಂಟಿಕೊಳ್ಳುತ್ತವೆ. ತಿಕ್ಕಾಟ ತಪ್ಪಿಸಲು ದ್ರವ ತುಂಬಿದ ಪುಟ್ಟ ಚೀಲಗಳು ಅಲ್ಲಿವೆ. ಆ ತಂತುಗಳು ಬಳಲಿದಾಗ ಅಥವಾ ಚೀಲ ಉರಿಗೊಂಡಾಗ ಮೆಟ್ಟಿಲು ಹತ್ತುವಾಗ ನೋವು. ಅದಕ್ಕಿಂತ ಹೆಚ್ಚಾಗಿ ಆ ಮಗ್ಗುಲಲ್ಲಿ ಮಲಗಿದಾಗ ನೋವು. ನಲವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು. ನಮ್ಮ ಹಿರಿಯರದು ಈ ಮೂರನೆಯ ಜಾತಿಯ ನೋವು. ಅವರಿಗೆ ಸಿಕ್ಕ ಹಾಸಿಗೆ ಮೊದಲನೆಯ ನೋವಿನದು; ಅದಕ್ಕೂ ಸರಿಯಾದದ್ದೇ ಎಂಬುದನ್ನು ಮುಂದೆ ನೋಡೋಣ.

ನೆಲದಿಂದ ಗಾದಿಯವರೆಗೆ

ಮನುಷ್ಯ ಮೆತ್ತಗಿನ ಹಾಸನ್ನು ಬಯಸಿದ್ದು ಇಂದು ನಿನ್ನೆಯಲ್ಲ. ದಕ್ಷಿಣ ಆಫ್ರಿಕದ ಸಿಬುಡು ಎಂಬ ಬಂಡೆಯಾಸರೆಯಲ್ಲಿ ಸುಮಾರು 77,000 ವರ್ಷಗಳ ಹಿಂದಿನ ಜೊಂಡುಹುಲ್ಲಿನ ಹಾಸುಗಳು ದೊರೆತಿವೆ. ಅವುಗಳ ಮೇಲೆ ಕೀಟಗಳನ್ನು ದೂರವಿಡುವ ಎಲೆಗಳನ್ನು ಹರಡಿದ್ದರು. ಅದೇ ದೇಶದ ಬಾರ್ಡರ್ ಗುಹೆಯಲ್ಲಿ ಬೂದಿಯ ಮೇಲೆ ಹಾಸಿದ ಹುಲ್ಲಿನ ಪದರಗಳನ್ನು ಸುಮಾರು 2,00,000 ವರ್ಷ ಹಳೆಯವು ಎಂದು ಗುರುತಿಸಿದ್ದಾರೆ. ಇಂಗ್ಲಿಷಿನ ‘ಮ್ಯಾಟ್ರೆಸ್’ ಅರಬ್ಬಿಯಿಂದ ಬಂದ ಪದ. ಅದರ ಮೂಲಾರ್ಥ, ನೆಲದ ಮೇಲೆ ಹಾಕಿದ್ದು. ನಮ್ಮ ‘ಹಾಸಿಗೆ’ಯೂ ‘ಹಾಸು’ ಎಂಬ ಕ್ರಿಯೆಯಿಂದಲೇ ಹುಟ್ಟಿದ್ದು. ಎರಡೂ ಪದಗಳಿಗೆ ಮಂಚದ ನೆನಪಿಲ್ಲ, ನೆಲದ ನೆನಪಿದೆ.

ಕನ್ನಡನಾಡಿನಲ್ಲಿ ಜನಸಾಮಾನ್ಯರ ಹಾಸು ಪ್ರದೇಶಕ್ಕೆ ತಕ್ಕಂತೆ ಬದಲಾಯಿತು. ಕರಾವಳಿಯಲ್ಲಿ ಓಲೆಯ ಚಾಪೆ, ಬಯಲುಸೀಮೆಯಲ್ಲಿ ಈಚಲು ಚಾಪೆ, ಕುರುಬರು ನೇಯ್ದ ಕರಿಯ ಕಂಬಳಿ, ನವಲಗುಂದದ ಜಮಖಾನ, ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ. ಹಗ್ಗ ಹೆಣೆದ ಹೊರಸಂತೂ ತನ್ನ ರೀತಿಯಲ್ಲಿ ಒಂದು ಜಾಣ ರಚನೆ. ಭಾರ ಬಿದ್ದಲ್ಲಿ ತಗ್ಗಿ, ಸಡಿಲಾದಾಗ ಹಗ್ಗ ಬಿಗಿದರೆ ಮತ್ತೆ ಸಮವಾಗುತ್ತಿತ್ತು.

ಅರಮನೆಯ ಕಥೆ ಬೇರೆ. ಕಾವ್ಯಗಳಲ್ಲಿ ಹಂಸತೂಲಿಕಾತಲ್ಪ, ಸುಪ್ಪತ್ತಿಗೆ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (12ನೆಯ ಶತಮಾನ) ರಾಜನ ಉಪಭೋಗಗಳಲ್ಲಿ ಶಯ್ಯೆಗೂ ಒಂದು ಸ್ಥಾನ ಕೊಡುತ್ತದೆ. ಅದಕ್ಕೂ ಆರು ಶತಮಾನ ಹಿಂದೆ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಮಂಚಗಳ ಅಳತೆ ಹೇಳಿದ್ದಾನೆ: ರಾಜನಿಗೆ 100 ಅಂಗುಲ, ರಾಜಪುತ್ರನಿಗೆ 90, ಮಂತ್ರಿಗೆ 84, ಸೇನಾಪತಿಗೆ 78, ಪುರೋಹಿತನಿಗೆ 72. ಇದನ್ನು ಓದುವಾಗ ನಮಗೆ ನಗು ಬರದಿರದು. ಎತ್ತರದ ಪುರೋಹಿತನೂ ಗಿಡ್ಡ ರಾಜನೂ ಇದ್ದ ರಾಜ್ಯದಲ್ಲಿ ಏನು ಮಾಡುತ್ತಿದ್ದರೋ! ಹಾಸಿಗೆಯ ಅಳತೆಯನ್ನು ನಿರ್ಧರಿಸಿದ್ದು ಮಲಗುವವನ ದೇಹವಲ್ಲ, ಅವನ ಪದವಿ. ‘ಗಾದಿ’ ಎಂಬ ಪದಕ್ಕೆ ಹಾಸಿಗೆ ಎಂಬ ಅರ್ಥದ ಜೊತೆಗೆ ಸಿಂಹಾಸನ, ಪೀಠ ಎಂಬ ಅರ್ಥವೂ ಇರುವುದು ಇದೇ ಕಾರಣಕ್ಕೆ. ಅಧಿಕಾರ ಇದ್ದವನ ಕೆಳಗೆ ಮೆತ್ತೆ ಇರುತ್ತಿತ್ತು.

ಹಾಗಾದರೆ ಮೆತ್ತೆ ಇಲ್ಲದವರು ಯಾರು? ಬ್ರಹ್ಮಚಾರಿಗೆ ನೆಲದ ಮೇಲೆ ಶಯನ ವಿಧಿಸಲಾಗಿತ್ತು. ಬೌದ್ಧರ ಅಷ್ಟಶೀಲಗಳಲ್ಲಿ ಎತ್ತರವಾದ, ವಿಲಾಸದ ಶಯ್ಯೆಯನ್ನು ತೊರೆಯುವುದೂ ಒಂದು. ದಿಗಂಬರ ಜೈನ ಮುನಿಯ 28 ಮೂಲಗುಣಗಳಲ್ಲಿ ಭೂಶಯನ ಸೇರಿದೆ. ಭೀಷ್ಮನು ಶರಶಯ್ಯೆಯಲ್ಲಿ ಮಲಗಿ, ತಂದುಕೊಟ್ಟ ಮೆತ್ತನೆಯ ದಿಂಬುಗಳನ್ನು ನಿರಾಕರಿಸಿ, ಅರ್ಜುನನ ಬಾಣಗಳನ್ನೇ ತಲೆಗೆ ಆಸರೆಯಾಗಿ ಪಡೆದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದೇವೆ. ಇವರೆಲ್ಲ ತಾವಾಗಿ ಕಾಠಿಣ್ಯವನ್ನು ಆರಿಸಿಕೊಂಡವರು ಅಥವಾ ಆ ಆಶ್ರಮಕ್ಕೆ ಸೇರಿದವರು. ಆದರೆ ಇದೇ ನೀತಿಯನ್ನು ಆರಿಸಿಕೊಳ್ಳದವರ ಮೇಲೂ ಹೇರಲಾಯಿತು. ಅನೇಕ ಮನೆಗಳಲ್ಲಿ ಗಂಡ ಸತ್ತ ಹೆಂಗಸಿಗೆ ಹಾಸಿಗೆ ಇರಲಿಲ್ಲ, ಚಾಪೆ ಇತ್ತು. ತಿಂಗಳ ಮೂರು ದಿನ ಮೂಲೆಯಲ್ಲಿ ಕೂತವಳಿಗೂ ಅಷ್ಟೇ. ಗಂಡಸರು, ಅತಿಥಿಗಳು, ಮಕ್ಕಳು ಎಲ್ಲರಿಗೂ ಹಾಸಿ ಉಳಿದದ್ದರಲ್ಲಿ ಮನೆಯ ಹೆಂಗಸು ಮಲಗಬೇಕಿತ್ತು. ಬದಿಯ ಎಲುಬಿನ ನೋವು ಹೆಂಗಸರಲ್ಲೇ ಹೆಚ್ಚು ಎಂಬುದನ್ನೂ ನೆಲದ ಮೇಲೆ ಮಲಗಿದವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನೋವಿಗೆ ನೆಲವೇ ಕಾರಣ ಎಂದು ನಾವು ಹೇಳುತ್ತಿಲ್ಲ. ಆ ನೋವನ್ನು ಕೇಳುವವರು ಇರಲಿಲ್ಲ ಎನ್ನುತ್ತಿದ್ದೇವೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಸನ್ಯಾಸಿಗಳ ಪರಂಪರೆ ಗಟ್ಟಿ ನೆಲವನ್ನು ಹೊಗಳಿದಾಗಲೂ ವೈದ್ಯರ ಪರಂಪರೆ ಹಾಗೆ ಮಾಡಲಿಲ್ಲ. ಸುಶ್ರುತ ಸಂಹಿತೆ ಸುಖಕರವಾದ ಶಯ್ಯೆಯು ದಣಿವನ್ನೂ ವಾತವನ್ನೂ ಕಳೆಯುತ್ತದೆ, ನಿದ್ರೆಯನ್ನೂ ಪುಷ್ಟಿಯನ್ನೂ ಕೊಡುತ್ತದೆ, ಅದಕ್ಕೆ ವಿರುದ್ಧವಾದದ್ದು ವಿರುದ್ಧ ಫಲ ಕೊಡುತ್ತದೆ ಎನ್ನುತ್ತದೆ. ನಾವು ಕಾಲಾಂತರದಲ್ಲಿ ವೈದ್ಯನನ್ನು ಮರೆತೆವು. ಸನ್ಯಾಸಿಯ ಮಾತನ್ನೇ ವೈದ್ಯನ ಬಾಯಲ್ಲಿಟ್ಟೆವು.

ಪಿಂಜಾರನ ಬಿಲ್ಲು

ಚಾಪೆ ಮತ್ತು ಸುಪ್ಪತ್ತಿಗೆಗಳ ನಡುವೆ ಸಾಮಾನ್ಯರಿಗೂ ಎಟುಕುವ ಮೆತ್ತೆಯೊಂದು ಬೆಳೆಯಿತು. ಅದು ಅರಳೆಯ ಗಾದಿ. ಅದನ್ನು ಮಾಡುವವರು ಪಿಂಜಾರರು, ನದಾಫರು. ಅವರಲ್ಲಿ ಹಲವರು ತಮ್ಮನ್ನು ಮನ್ಸೂರಿಗಳೆಂದು ಕರೆದುಕೊಳ್ಳುವುದು 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್-ಹಲ್ಲಾಜನ ನೆನಪಿನಲ್ಲಿ. ‘ಹಲ್ಲಾಜ್’ ಎಂದರೆ ಅರಬ್ಬಿಯಲ್ಲಿ ಅರಳೆ ಹಿಂಜುವವನು.

ಮನೆಯಂಗಳಕ್ಕೆ ಪಿಂಜಾರ ಬರುವ ದಿನ ಮಕ್ಕಳಿಗೆ ಹಬ್ಬ. ಆಳುದ್ದದ ಬಿಲ್ಲು, ಅದಕ್ಕೆ ಬಿಗಿದ ನರದ ಹುರಿ, ಅದನ್ನು ಮೀಟಲು ಮರದ ಕೊಡತಿ. ಹುರಿ ಮಿಡಿದಂತೆಲ್ಲ ಗಂಟುಕಟ್ಟಿದ ಹಳೆಯ ಅರಳೆ ಬಿಡಿಬಿಡಿಯಾಗಿ ಹಾರಿ ಗುಡ್ಡೆ ಬೀಳುತ್ತಿತ್ತು. ಪಟ್ಟೆಪಟ್ಟೆಯ ದಪ್ಪ ಬಟ್ಟೆಯ ಚೀಲಕ್ಕೆ ಅದನ್ನು ತುಂಬಿ, ಕೋಲಿನಿಂದ ಬಡಿದು ಸಮಮಾಡಿ, ದಬ್ಬಣದಿಂದ ಅಲ್ಲಲ್ಲಿ ಗಂಟುಹೊಲಿಗೆ ಹಾಕಿದರೆ ಗಾದಿ ಸಿದ್ಧ. ವರ್ಷ ಎರಡು ವರ್ಷಗಳಲ್ಲಿ ಅರಳೆ ಒತ್ತಿಕೊಂಡು ಹಲಗೆಯಂತಾಗುತ್ತಿತ್ತು. ಆಗ ಬಿಚ್ಚಿ ಮತ್ತೆ ಹಿಂಜಿಸುತ್ತಿದ್ದರು. ಬಾಣಂತಿಗೆ ತೆಳ್ಳಗೆ, ಅಜ್ಜನಿಗೆ ದಪ್ಪಗೆ, ಮೈಭಾರದವರಿಗೆ ಬಿಗಿಯಾಗಿ ಎಂದು ಹೇಳಿ ಮಾಡಿಸುವುದಿತ್ತು. ನಡುವಿನ ಭಾಗದಲ್ಲಿ ಇನ್ನೊಂದು ಹಿಡಿ ಅರಳೆ ಹಾಕು ಎಂದರೆ ಪಿಂಜಾರ ಹಾಕುತ್ತಿದ್ದ. ಬೂರುಗದ ಅರಳೆ ಮೃದುವಾದರೂ ಬೇಗ ಕುಗ್ಗುವುದರಿಂದ ಅದು ದಿಂಬುಗಳಿಗೇ ಹೆಚ್ಚು ಬಳಕೆಯಾಯಿತು. ಮೋಟುಎಳೆಯ, ಒರಟಾದ ನಾಟಿ ಹತ್ತಿ ಪುಟಿಯುವ ಗುಣ ಉಳಿಸಿಕೊಳ್ಳುತ್ತದೆ. ಆದ್ದರಿಂದ ಗಾದಿಗೆ ಅದೇ ಮೇಲು. ಧಾರವಾಡ–ಹುಬ್ಬಳ್ಳಿಯ ಕಪ್ಪುನೆಲದ ಇಂಥ ಹತ್ತಿಯೇ 19ನೆಯ ಶತಮಾನದಲ್ಲಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗಿ, ‘ಕುಮಟಾ’ ಎಂಬ ಹೆಸರಿನಲ್ಲೇ ಇಂಗ್ಲೆಂಡಿನ ಲಿವರ್‌ಪೂಲಿನ ಪೇಟೆಯವರೆಗೆ ಪರಿಚಿತವಾಯಿತು. ಹೀಗೆ ನಮಗಿಂತ ಮೊದಲೇ ನಮ್ಮ ಊರಿನ ಹತ್ತಿ ಮುಂಬಯಿಗೆ ವಲಸೆ ಬಂದಿತ್ತು.

ಹತ್ತಿಯ ಹಿಂದೆ ಬಂದ ನಮ್ಮ ಹಿರಿಯರಿಗೆ ಈ ನಗರದಲ್ಲಿ ಗಾದಿ ಹಾಸುವಷ್ಟು ಜಾಗವಿರಲಿಲ್ಲ. ಗಿರಣಗಾಂವದ ಚಾಳಿನ ಖೋಲಿಗಳಲ್ಲಿ ಪಾಳಿಯ ಮೇಲೆ ದುಡಿಯುವವರು ಪಾಳಿಯ ಮೇಲೆಯೇ ಮಲಗುತ್ತಿದ್ದರು. ಒಬ್ಬ ಎದ್ದು ಗಿರಣಿಗೆ ಹೋದರೆ ಅದೇ ಹಾಸಿನ ಮೇಲೆ ಇನ್ನೊಬ್ಬ ಉರುಳುತ್ತಿದ್ದ. ಕರಾವಳಿಯಿಂದ ಬಂದ ಹೋಟೆಲು ಹುಡುಗರು ಬಾಗಿಲು ಹಾಕಿದ ಮೇಲೆ, ಕೆಲವರು ರಾತ್ರಿ ಶಾಲೆ ಮುಗಿಸಿ ಬಂದ ಮೇಲೆ, ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗಿದರು. ಆ ತಲೆಮಾರಿನವರು ಈಗಲೂ “ನಾವು ಬರಿ ಮೇಜಿನ ಮೇಲೆ ಮಲಗಿದವರು, ನಮಗೆ ಒಂದೂ ನೋವಿರಲಿಲ್ಲ” ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆಗ ಅವರಿಗೆ ವಯಸ್ಸು 16. ದಿನಕ್ಕೆ ಹದಿನಾಲ್ಕು ಗಂಟೆ ದುಡಿದ ಮೈಗೆ ಹಾಸಿಗೆಯ ಪರಿವೆಯೇ ಇರಲಿಲ್ಲ. ಆ ನಿದ್ದೆಗೆ ಕಾರಣ ಮೇಜಿನ ಗಟ್ಟಿತನವಲ್ಲ.

ಗಟ್ಟಿ ಹಾಸಿಗೆಯ ಸಿದ್ಧಾಂತ

ಗಟ್ಟಿ ಹಾಸಿಗೆಯೇ ಆರೋಗ್ಯ ಎಂಬ ನಂಬಿಕೆ ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ತತ್ತ್ವಜ್ಞಾನಿ, ವೃತ್ತಿಯಿಂದ ವೈದ್ಯನೂ ಆಗಿದ್ದ ಜಾನ್ ಲಾಕ್ 1693ರಲ್ಲಿ ಪ್ರಕಟಿಸಿದ ಶಿಕ್ಷಣ ಕುರಿತ ಗ್ರಂಥದಲ್ಲಿ ಮಕ್ಕಳನ್ನು ಗರಿಯ ಹಾಸಿಗೆಯಲ್ಲಿ ಮಲಗಿಸಬಾರದು, ಗಟ್ಟಿ ಹಾಸಿಗೆ ಅಂಗಗಳನ್ನು ಬಲಪಡಿಸುತ್ತದೆ ಎಂದ. ಅಲ್ಲಿಯೂ ವೈದ್ಯಕ್ಕಿಂತ ಹೆಚ್ಚಾಗಿ ಶೀಲದ ಚಿಂತೆಯೇ ಕೆಲಸ ಮಾಡಿತ್ತು. ಮೆತ್ತಗಿನ ಹಾಸಿಗೆ ಮೆತ್ತಗಿನ ಮನುಷ್ಯನನ್ನು ಮಾಡುತ್ತದೆ ಎಂಬ ಅಂಜಿಕೆ.

20ನೆಯ ಶತಮಾನದಲ್ಲಿ ಈ ಶೀಲಕ್ಕೆ ಆಸ್ಪತ್ರೆಯ ಮುದ್ರೆ ಬಿತ್ತು. 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಬೆನ್ನುಮೂಳೆಯ ಬಿಲ್ಲೆ ಜಾರಿ ನರವನ್ನು ಒತ್ತುವುದರಿಂದ ಕಾಲಿಗೆ ಇಳಿಯುವ ನೋವು ಉಂಟಾಗಬಹುದೆಂದು ತೋರಿಸಿದರು. ಅಲ್ಲಿಂದ ಮುಂದೆ ಬೆನ್ನುನೋವೆಂದರೆ ಬಿಲ್ಲೆ, ಬಿಲ್ಲೆಯೆಂದರೆ ವಿಶ್ರಾಂತಿ, ವಿಶ್ರಾಂತಿಯೆಂದರೆ ಹಾಸಿಗೆಯ ಕೆಳಗೆ ಹಲಗೆ ಎಂಬ ಸರಣಿ ರೂಢಿಯಾಯಿತು. ನಮ್ಮ ಮನೆಗಳಲ್ಲಿ ‘ಹಲಗೆಯ ಮೇಲೆ ಮಲಗಿ’ ಎಂಬ ವೈದ್ಯರ ಮಾತನ್ನು ಕೇಳದವರು ವಿರಳ. ಅದು ಅಜ್ಜಿಯ ಮಾತಿನೊಂದಿಗೆ ಸರಿಯಾಗಿ ಹೊಂದಿಕೊಂಡದ್ದರಿಂದ ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಪ್ರಶ್ನೆಗಳು ನಿಧಾನವಾಗಿ ಬಂದವು. 1986ರಲ್ಲಿ ಅಮೆರಿಕದಲ್ಲಿ 203 ಬೆನ್ನುನೋವಿನ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಏಳು ದಿನ ಹಾಸಿಗೆ ಹಿಡಿದವರಿಗಿಂತ ಎರಡೇ ದಿನ ಮಲಗಿ ಎದ್ದವರು ಕಡಿಮೆ ದಿನ ಕೆಲಸ ತಪ್ಪಿಸಿಕೊಂಡರು. ಉಳಿದ ಯಾವ ಅಂಶದಲ್ಲೂ ಹಿಂದೆ ಬೀಳಲಿಲ್ಲ. 2003ರಲ್ಲಿ ಸ್ಪೇನಿನ ಕೊವಾಕ್ಸ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನೇರವಾಗಿ ಹಾಸಿಗೆಯನ್ನೇ ಪರೀಕ್ಷಿಸಿತು. ಬಹುಕಾಲದ ಬೆನ್ನುನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿತನದ ಹಾಸಿಗೆ ಕೊಡಲಾಯಿತು. ಯಾರಿಗೆ ಯಾವುದು ಎಂದು ಅವರಿಗೆ ತಿಳಿಸಿರಲಿಲ್ಲ. 90 ದಿನಗಳ ನಂತರ ನೋಡಿದಾಗ ಹಾಸಿಗೆಯಲ್ಲಿದ್ದಾಗಿನ ನೋವಿನಲ್ಲೂ ದಿನದ ಓಡಾಟದ ತೊಂದರೆಯಲ್ಲೂ ಮಧ್ಯಮ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು. ಅಂದರೆ, ಗಟ್ಟಿ ಹಾಸಿಗೆಯ ಸಿದ್ಧಾಂತ ತನ್ನ ಸ್ವಂತ ನೆಲವಾದ ಬೆನ್ನುನೋವಿನಲ್ಲೇ ನಿಲ್ಲಲಿಲ್ಲ.

ಈ ಪ್ರಯೋಗ ಬೆನ್ನಿನದು, ಬದಿಯ ಎಲುಬಿನದಲ್ಲ ಎಂಬ ಎಚ್ಚರ ಇಲ್ಲಿ ಅಗತ್ಯ. ಬದಿಯ ನೋವಿನ ವಿಷಯದಲ್ಲಿ ದೇಹರಚನೆಯೇ ದಾರಿ ತೋರಿಸುತ್ತದೆ. ಅಂಗಾತ ಮಲಗಿದಾಗ ಮೈಭಾರ ಅಗಲವಾಗಿ ಹರಡುತ್ತದೆ. ಮಗ್ಗುಲಾದಾಗ ಹೆಚ್ಚಿನ ಭಾರ ಭುಜ ಮತ್ತು ಆ ಗಂಟಿನ ಮೇಲೆ ಬೀಳುತ್ತದೆ. ಹಾಸು ಗಟ್ಟಿಯಾಗಿದ್ದರೆ ಈಗಾಗಲೇ ಬಳಲಿದ ತಂತುಗಳು ಎಲುಬು ಮತ್ತು ಹಲಗೆಯ ನಡುವೆ ಅರೆಯಲ್ಪಡುತ್ತವೆ. ತೀರ ಮೆತ್ತಗಿದ್ದರೆ ಸೊಂಟ ಕುಸಿದು ಬೆನ್ನು ಬಾಗುತ್ತದೆ. ಇನ್ನು ನೋವಿರುವ ಬದಿಯನ್ನು ಮೇಲೆ ಮಾಡಿ ಮಲಗಿದರೂ ಮೇಲಿನ ಮೊಣಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ತಗಲಿದರೆ ಅವೇ ತಂತುಗಳು ಎಲುಬಿನ ಮೇಲೆ ಬಿಗಿದುಕೊಳ್ಳುತ್ತವೆ. ಆದ್ದರಿಂದ ಅವರಿಗೆ ಬೇಕಾದದ್ದು ಮೇಲೆ ಸ್ವಲ್ಪ ತಗ್ಗುವ, ಕೆಳಗೆ ತಾಳುವ ಹಾಸು.

ಕಾರ್ಖಾನೆಯ ಹಾಸಿಗೆ

ಪಿಂಜಾರನ ಬಿಲ್ಲು ಮೌನವಾಗುವ ಹೊತ್ತಿಗೆ ಹಾಸಿಗೆ ಕಾರ್ಖಾನೆ ಸೇರಿತ್ತು. ತಂತಿಸುರುಳಿಯ ಹಾಸಿಗೆ 19ನೆಯ ಶತಮಾನದ ಕೊನೆಯ ಭಾಗದ್ದು. 1929ರಲ್ಲಿ ಬರ್ಮಿಂಗ್‌ಹ್ಯಾಮಿನ ಡನ್ಲಪ್ ಪ್ರಯೋಗಾಲಯದಲ್ಲಿ ರಬ್ಬರಿನ ಹಾಲನ್ನು ಕಡೆದು ನೊರೆಯಾಗಿಸಿ ಗಟ್ಟಿಮಾಡುವ ಲೇಟೆಕ್ಸ್ ಫೋಮ್ ಹುಟ್ಟಿತು. 1937ರಲ್ಲಿ ಜರ್ಮನಿಯ ಓಟೊ ಬೇಯರ್ ಪಾಲಿಯುರಥೇನನ್ನು ಕಂಡುಹಿಡಿದ. ಅದರ ಮೆತ್ತನೆಯ ಫೋಮು 1950ರ ದಶಕದಲ್ಲಿ ಪೇಟೆಗೆ ಬಂತು. 1966ರಲ್ಲಿ ವಿಮಾನದ ಆಸನಗಳಿಗಾಗಿ ನಾಸಾದ ಕೆಲಸದಲ್ಲಿ ರೂಪುಗೊಂಡ, ಒತ್ತಿದರೆ ನಿಧಾನವಾಗಿ ಮೇಲೇಳುವ ಫೋಮು 1990ರ ದಶಕದಲ್ಲಿ ಸ್ವೀಡನ್ನಿನ ಮೂಲಕ ‘ಮೆಮರಿ ಫೋಮ್’ ಹಾಸಿಗೆಯಾಯಿತು.

ದಕ್ಷಿಣ ಭಾರತದ ಕೊಡುಗೆ ತೆಂಗಿನ ನಾರು. ಕೇರಳದ ಆಲಪ್ಪುಳದಲ್ಲಿ 1859ರಲ್ಲೇ ನಾರಿನ ಕಾರ್ಖಾನೆ ಆರಂಭವಾಗಿತ್ತು. ಆ ನಾರನ್ನು ಸುರುಳಿಗೊಳಿಸಿ, ರಬ್ಬರಿನ ಹಾಲು ಸಿಂಪಡಿಸಿ, ಒತ್ತಿ ಮಾಡಿದ ಹಾಸಿಗೆ ನಮ್ಮ ದೇಶದ ಮಧ್ಯಮವರ್ಗದ ಮನೆ ತುಂಬಿತು. 1962ರಲ್ಲಿ ಸ್ಥಾಪನೆಯಾಗಿ ಮಣಿಪಾಲದ ಸಮೂಹದಲ್ಲಿ ಬೆಳೆದ ಕರ್ಲಾನ್ 2023ರಲ್ಲಿ ಶೀಲಾ ಫೋಮ್ ಸಂಸ್ಥೆಯ ಪಾಲಾಗುವವರೆಗೂ ನಮ್ಮವರ ಹೆಮ್ಮೆಯಾಗಿತ್ತು. ಎಷ್ಟೋ ಕನ್ನಡ ಮನೆಗಳಲ್ಲಿ ಯಾವ ನಾರಿನ ಹಾಸಿಗೆಗೂ ಅದೇ ಹೆಸರು. ಅದೇ 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸವೆದ ತೊಡೆಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಗೆ ಇಂದಿನ ರೂಪ ಕೊಟ್ಟ ಎಂಬುದು ಕಾಕತಾಳೀಯ.

ಕಾರ್ಖಾನೆಯ ಹಾಸಿಗೆ ಹಗುರ, ಅಚ್ಚುಕಟ್ಟು. ಬಾಡಿಗೆ ಮನೆ ಬದಲಿಸುವಾಗ ಅನುಕೂಲ. ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಒಂದು ನಷ್ಟವಾಯಿತು. ಪಿಂಜಾರನಿಗೆ ಹೇಳಿ ಸರಿಪಡಿಸಿಕೊಳ್ಳಬಹುದಾಗಿದ್ದ ವಸ್ತು ಈಗ ತೆಗೆದುಕೊಂಡ ಮೇಲೆ ಬದಲಾಗದು. ಹಾಗಾಗಿ ಹಿಂದೆ ವರ್ಷಗಟ್ಟಲೆ ನಡೆಯುತ್ತಿದ್ದ ಹೊಂದಾಣಿಕೆಯನ್ನು ನಾವು ಅಂಗಡಿಯ ಹತ್ತು ನಿಮಿಷಗಳಲ್ಲಿ ಮುಗಿಸಬೇಕಾಗಿದೆ. ಆ ಹತ್ತು ನಿಮಿಷವೂ ಲೇಬಲ್ ಓದುವುದರಲ್ಲೇ ಕಳೆಯುತ್ತದೆ. ‘ಆರ್ಥೋಪೆಡಿಕ್’ ಎಂಬುದು ಮಾರಾಟದ ಪದವೇ ಹೊರತು ವೈದ್ಯರ ಚೀಟಿಯಲ್ಲ.

ಆರಿಸುವವರಿಗೆ

ಚರಿತ್ರೆಯಿಂದ ನಾವು ಕಲಿತದ್ದನ್ನು ಬದಿಯ ನೋವಿನಿಂದ ನರಳುವ ಓದುಗರಿಗಾಗಿ ಇಲ್ಲಿ ಹೇಳುತ್ತೇವೆ. ನೋವು ಎಲ್ಲಿ ಎಂದು ಬಾಯಲ್ಲಿ ಹೇಳದೆ ಬೆರಳಿಟ್ಟು ತೋರಿಸಬೇಕು, ವೈದ್ಯರಿಗೂ ಅಂಗಡಿಯವನಿಗೂ. ಹಾಸಿಗೆಯನ್ನು ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯದು. ನಿತ್ಯ ಮಲಗುವ ಮಗ್ಗುಲಲ್ಲೇ, ನಾಚಿಕೊಳ್ಳದೆ, ಹತ್ತು ಹದಿನೈದು ನಿಮಿಷ ಮಲಗಬೇಕು. ಜೊತೆಗೆ ಬಂದವರು ಹಿಂದೆ ನಿಂತು ಬೆನ್ನುಮೂಳೆ ನೇರವಾಗಿದೆಯೇ ಎಂದು ನೋಡಬೇಕು. ಸೊಂಟದ ಎಲುಬು ತುಸು ಒಳಗಿಳಿದು, ನಡುವಿನ ತಗ್ಗಿಗೆ ಆಸರೆ ಸಿಕ್ಕಿದರೆ ಸರಿ. ಆ ತಗ್ಗಿನಲ್ಲಿ ಅಂಗೈ ಸರಾಗವಾಗಿ ತೂರಿದರೆ ಹಾಸಿಗೆ ಗಟ್ಟಿಯಾಯಿತೆಂದು ತಿಳಿಯಬೇಕು. ಒಂದೇ ಹಾಸಿಗೆ 50 ಕೆ.ಜಿ.ಯವರಿಗೆ ಹಲಗೆ, 90 ಕೆ.ಜಿ.ಯವರಿಗೆ ಹೊಂಡ. ದಂಪತಿಗಳ ತೂಕದಲ್ಲಿ ಅಂತರ ಹೆಚ್ಚಿದ್ದರೆ ಎರಡು ಒಂಟಿ ಹಾಸಿಗೆಗಳನ್ನು ಜೋಡಿಸಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಫೋಮಿನ ಸಾಂದ್ರತೆ ಅದರ ಬಾಳಿಕೆಯ ಅಳತೆ, ಗಟ್ಟಿತನದ ಅಳತೆಯಲ್ಲ; ಅಂಗಡಿಗಳಲ್ಲಿ ಎರಡನ್ನೂ ಕಲಸಿ ಹೇಳುತ್ತಾರೆ. ಮೆಮರಿ ಫೋಮ್ ಬಿಸಿಗೆ ಮೆತ್ತಗಾಗಿ ಚಳಿಗೆ ಬಿರುಸಾಗುತ್ತದೆ: ಚೆನ್ನೈ, ಮುಂಬಯಿಗಳ ಸೆಕೆಯಲ್ಲಿ ಮೈ ಮುಳುಗುತ್ತದೆ, ದೆಹಲಿಯ ಜನವರಿಯಲ್ಲಿ ಅದೇ ಹಾಸಿಗೆ ಬೇರೆ ಎನಿಸುತ್ತದೆ. ಮರಳಿಸುವ ಅವಕಾಶ ಎಷ್ಟು ದಿನ, ಸಾಗಣೆಯ ವೆಚ್ಚ ಯಾರದು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಎದ್ದು ಕೂರುವಾಗ ಪಾದ ನೆಲಕ್ಕೆ ತಗಲಿ, ಮೊಣಕಾಲಿಗಿಂತ ಸೊಂಟ ತುಸು ಮೇಲಿರುವಷ್ಟು ಮಂಚದ ಎತ್ತರ ಇರಲಿ. ಯಾವ ಹಾಸಿಗೆಯಾದರೂ ಸರಿ, ಮಗ್ಗುಲಾದಾಗ ಮೊಣಕಾಲಿನಿಂದ ಹರಡಿನವರೆಗೆ ಕಾಲುಗಳ ನಡುವೆ ದಿಂಬಿರಲಿ, ಇದಕ್ಕೆ ಖರ್ಚಿಲ್ಲ.

ಹಾಸಿಗೆಯೊಂದೇ ಮದ್ದಲ್ಲ ಎಂಬುದನ್ನೂ ಮರೆಯಬಾರದು. ಬದಿಯ ಈ ತಂತುನೋವಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ 204 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರಗಳ ಕೊನೆಗೆ ಸ್ಟೀರಾಯ್ಡ್ ಚುಚ್ಚುಮದ್ದು ಪಡೆದವರಿಗಿಂತ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರಲ್ಲಿ ಹೆಚ್ಚು ಮಂದಿ ಸುಧಾರಿಸಿದ್ದರು. ಬಿದ್ದ ಮೇಲೆ ಬಂದ ನೋವು, ಕಾಲೂರಲಾಗದ ನೋವು, ಜ್ವರದೊಡನೆ ಬಂದ ನೋವು, ಹೇಗೆ ಮಲಗಿದರೂ ತಗ್ಗದ ರಾತ್ರಿಯ ನೋವು ಇವಕ್ಕೆ ಹಾಸಿಗೆಯಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕು.

ಕೊನೆಯಲ್ಲಿ ಮತ್ತೆ ನಮ್ಮ ಹಿರಿಯರ ಮನೆಗೆ ಬರೋಣ. ಹಾಸಿಗೆ ಮರಳಿಸುವ ಅವಧಿ ಮುಗಿದಿತ್ತು. ಮೂಳೆತಜ್ಞರು ಪರೀಕ್ಷಿಸಿ, ಕೀಲು ಚೆನ್ನಾಗಿದೆ, ತಂತು ಬಳಲಿದೆ ಎಂದು ವ್ಯಾಯಾಮಕ್ಕೆ ಕಳುಹಿಸಿದರು. ಅದೇ ವಾರ ಅವರ ಸೊಸೆ ಅಟ್ಟದ ಮೇಲಿಂದ ಹಳೆಯ ಅರಳೆಯ ಗಾದಿಯನ್ನು ಇಳಿಸಿದಳು. ಉಪನಗರದ ಸ್ಟೇಷನ್ನಿನ ಹೊರಗೆ ಇನ್ನೂ ಗಾದಿ ಕೆಲಸ ಮಾಡುವ ಒಬ್ಬರಿದ್ದರು. ಈಗ ಬಿಲ್ಲಿಲ್ಲ, ವಿದ್ಯುತ್ ಯಂತ್ರವಿದೆ. ಅರಳೆಯನ್ನು ಹಿಂಜಿಸಿ, ಎರಡು ಅಂಗುಲ ದಪ್ಪದ ತೆಳು ಗಾದಿ ಮಾಡಿಸಿ ಆ ಗಟ್ಟಿ ಹಾಸಿಗೆಯ ಮೇಲೆ ಹಾಸಿದರು. ಅದರ ಮೇಲೆ ಅವರ ತಾಯಿ ಹೊಲಿದ ಕೌದಿ. ಫೋಮು ಕಂಪನಿಗಳು ಇಂದು ‘ಟಾಪರ್’ ಎಂದು ಮಾರುವುದು ಇದನ್ನೇ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಖರ್ಚುವೆಚ್ಚಕ್ಕೆ ಹೇಳಿಕೊಂಡು ಬಂದಿದ್ದೇವೆ. ಅಲ್ಲಿ ಅದು ಸರಿ. ನೋಯುವ ಮೈಗೂ ಅದನ್ನೇ ಹೇಳಿದ್ದು ತಪ್ಪು. ಮಲಗುವವರ ಅಳತೆಗೆ ಹಾಸಿಗೆ ಮಾಡುವ ಜನ ನಮ್ಮಲ್ಲಿದ್ದರು, ಅವರ ಕೆಲಸ ನಮಗೆ ಗೊತ್ತಿತ್ತು.

ದೀಪಾವಳಿಯ ನಂತರದ ಸಭೆಗೆ ಅವರು ಬಂದರು. ಮೆಟ್ಟಿಲು ಹತ್ತುವಾಗ ಇನ್ನೂ ಕಂಬಿ ಹಿಡಿಯಬೇಕು. ನಿದ್ದೆ ಹೇಗೆ ಎಂದು ಕೇಳಿದ್ದಕ್ಕೆ, “ನಸುಕಿನ ಐದರ ತನಕ ಎಚ್ಚರ ಇಲ್ಲ ನೋಡ್ರೀ. ಐಬು ನನ್ನ ಮೈಯಾಗ ಇರಲಿಲ್ಲ” ಎಂದರು.